ಅಯ್ಯನವರ ಲೋಟ

ನನ್ನ ಬಾಯಿಯ ವಿಷಯ ಕುಕುತಾರಾ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಮೆಲ್ವಿನಾಗೆ ಹೇಳಿದರೂ ಒಂದೇ, ದೇವಾಲಯದ ಗಂಟೆ ಬಾರಿಸಿದರೂ ಒಂದೇ ಎನ್ನುತ್ತಾರೆ. ಅನ್ನಲಿ ಬಿಡಿ. ಗಂಡ ಸಮುದ್ರದ ಪಾಲಾಗಿ, ಮಕ್ಕಳಿಲ್ಲದೆ, ಒಬ್ಬಳೇ ಮರಗೆಣಸು ಬೇಯಿಸಿಕೊಂಡು ಒಬ್ಬಳೇ ತಿನ್ನುವವಳು ಮಾತನ್ನೂ ಬಿಟ್ಟರೆ ಇನ್ನೇನು ಉಳಿಯುತ್ತದೆ? ಆದರೆ ಒಂದೇ ಒಂದು ಮಾತನ್ನು ನಾನು ವರ್ಷಪೂರ್ತಿ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆಮೇಲೆ ನಮ್ಮ ಪಾದ್ರಿ ಅಯ್ಯನವರೇ ಅದನ್ನು ಸಭೆಯ ಎದುರು ಬಿಚ್ಚಿ ಹೇಳಿದರು. ಹಾಗಾಗಿ ಈಗ ಹೇಳಲು ನನಗೆ ಅಡ್ಡಿಯಿಲ್ಲ.

ದೇವಾಲಯದಲ್ಲಿ ಕರ್ತನ ನೆನಪಿಗೆ ದ್ರಾಕ್ಷಾರಸ ಕುಡಿಯುವ ಆಚರಣೆ ನಮಗೆ ಕರ್ತನ ಭೋಜನ; ಅದರ ಲೋಟಗಳನ್ನು ತೊಳೆಯುವ ಕೆಲಸ ನನ್ನದು. ಹೆಬ್ಬೆರಳೆತ್ತರದ ಗಾಜಿನ ಲೋಟಗಳು ಅವು, ತಲೆಗೊಂದು. ಮುಂಚೆ ತೊಳೆಯುತ್ತಿದ್ದ ಮುದುಕಿಗೆ ಕಣ್ಣು ಮಂಜಾದ ಮೇಲೆ ಅದು ನನ್ನ ಪಾಲಿಗೆ ಬಂತು. ಲೋಟಕ್ಕೆ ತುಂಬುವ ರಸ ಮಾಡುವವಳೂ ನಾನೇ. ನಮ್ಮ ಈ ಉಪ್ಪುಗಾಳಿಯ ದಂಡೆಯಲ್ಲಿ ದ್ರಾಕ್ಷಿ ಎಲ್ಲಿಂದ ಬರಬೇಕು? ಹಿತ್ತಲಿನ ಕೆಂಪು ಪುಂಡಿಹೂವನ್ನು ಕುದಿಸಿ, ಶುಂಠಿ ಜಜ್ಜಿ ಹಾಕಿ, ಸಕ್ಕರೆ ಬೆರೆಸಿ ಸೋಸುತ್ತೇನೆ. ಈ ಹಿನ್ನೀರಿನ ಸುತ್ತ ಅಂಥ ರಸ ಇನ್ನೊಂದಿಲ್ಲ. ಜಂಬ ಅಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಮ್ಮಲ್ಲಿ ಎಲ್ಲರ ಕೈಗೂ ಲೋಟ ಬಂದ ಮೇಲೆ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಒಟ್ಟಿಗೇ ಕುಡಿಯುವುದು. ಹಾಗಾಗಿ ಯಾರು ಕುಡಿದರು, ಯಾರು ಬಿಟ್ಟರು ಯಾರಿಗೂ ಕಾಣುವುದಿಲ್ಲ. ತೊಳೆಯುವವಳಿಗೆ ಮಾತ್ರ ಗೊತ್ತಾಗುತ್ತದೆ.

ನಾನು ತೊಳೆಯಲು ಕೂತ ಮೊದಲ ಸಲವೇ ಒಂದು ಲೋಟ ತುಂಬಿದಂತೆಯೇ ವಾಪಸು ಬಂತು. ಅದು ನಮ್ಮ ಪಾದ್ರಿಗಳಾದ ಎಲ್ಡನ್ ಲ್ಯಾಕ್‌ವುಡ್ ಅಯ್ಯನವರ ಲೋಟ; ಅವರದ್ದಕ್ಕೆ ಅಂಚಿನಲ್ಲಿ ಸಣ್ಣ ಮುಕ್ಕು ಇರುವುದರಿಂದ ಗುರುತು ಸಿಗುತ್ತದೆ. ಪಾಪ, ಮರೆತಿರಬೇಕು ಎಂದುಕೊಂಡೆ. ಮುಂದಿನ ಭೋಜನದಲ್ಲೂ ಅದೇ ಆಯಿತು. ನನಗೆ ಪಿತ್ತ ನೆತ್ತಿಗೇರಿತು. ಹುಳಿಯಾಯಿತೇ ಈ ದೊಡ್ಡ ಮನುಷ್ಯನಿಗೆ? ಅದರ ಮುಂದಿನ ಸಲ ಮುಷ್ಟಿ ತುಂಬ ಸಕ್ಕರೆ ಸುರಿದೆ. ಊರಿನ ಮಕ್ಕಳೆಲ್ಲ ತುಟಿ ನೆಕ್ಕಿಕೊಂಡವು. ಅಯ್ಯನವರ ಲೋಟ ಮಾತ್ರ ಮತ್ತೆ ತುಂಬಿಕೊಂಡೇ ಬಂತು.

ನಾನು ಸುಮ್ಮನಿರುವವಳೇ? ಅದೇ ಲೋಟವನ್ನು ಅಂಗೈ ಮರೆಯಲ್ಲಿ ಹಿಡಿದುಕೊಂಡು, ತುಳುಕದಂತೆ ಹೆಜ್ಜೆಯಿಡುತ್ತಾ ಪಾದ್ರಿಮನೆಯ ಮೆಟ್ಟಿಲು ಹತ್ತಿದೆ.

ಅಯ್ಯನವರು ಊಟಕ್ಕೆ ಕುಳಿತಿದ್ದರು. ತೆಂಗಿನಹಾಲಿನಲ್ಲಿ ಮಸೆದ ಬಾಳೆಹಣ್ಣಿನ ವಾಬುಲ್ ಒಂದು ಬಟ್ಟಲು, ಅಷ್ಟೇ. ಹೆಂಡತಿ ಎರ್ನಾ ಜ್ವರ ಬಂದು ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಲೆ ಸರಿಯಾಗಿ ಉರಿದದ್ದೇ ಇಲ್ಲ. ಎದುರಿನ ಕುರ್ಚಿಯ ಮೇಲೆ ಹಾಡಿನ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಖಾಲಿ ಕುರ್ಚಿಯನ್ನು ನೋಡಿಕೊಂಡು ಉಣ್ಣುವುದು ಎಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋಪ ಅರ್ಧ ಅಲ್ಲೇ ಇಳಿಯಿತು. ಆದರೂ ಲೋಟವನ್ನು ಬಟ್ಟಲಿನ ಪಕ್ಕ ಕುಕ್ಕಿದೆ.

"ನನ್ನ ರಸಕ್ಕೆ ವಿಷ ಗಿಷ ಹಾಕಿದೀನಾ ಅಯ್ಯನೋರೇ? ಹೇಳ್ಬಿಡಿ. ಬೇರೆಯೋರ ಕೈಲಿ ಮಾಡಿಸ್ಕೊಳ್ಳಿ."

ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. "ಬಾಗಿಲು ಹಾಕು ಮೆಲ್ವಿನಕ್ಕಾ" ಎಂದರು.

ನಮ್ಮ ಸಭೆಯ ಪದ್ಧತಿ ನಿಮಗೆ ಗೊತ್ತಿರದಿದ್ದರೆ ಹೇಳಬೇಕು. ಭೋಜನಕ್ಕೆ ಮುಂಚಿನ ವಾರ ನಮಗೆ ಮಾತಿನ ವಾರ. ಒಬ್ಬೊಬ್ಬರೇ ಪಾದ್ರಿಮನೆಗೆ ಹೋಗಿ ಕೂರಬೇಕು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡ ಮೇಲೆ ಅಯ್ಯನವರು ಕೇಳುತ್ತಾರೆ: ದೇವರ ಜೊತೆಗೂ ನಿನ್ನ ಸಹೋದರರ ಜೊತೆಗೂ ಸಮಾಧಾನವಾಗಿದ್ದೀಯಾ? ಇಲ್ಲವೆಂದರೆ ರಾಜಿಯಾಗುವ ತನಕ ಲೋಟವಿಲ್ಲ. ನಮ್ಮ ಡೊನ್ಸಿಯಾ, ಭಾವನ ಹಂದಿ ತನ್ನ ಗೆಣಸಿನ ಪಾತಿ ಅಗೆಯಿತೆಂದು ಎರಡು ಭೋಜನ ತಪ್ಪಿಸಿಕೊಂಡಳು. ಕೊನೆಗೆ ಆ ಹಂದಿಯನ್ನೇ ಕೊಯ್ದು ಇಬ್ಬರೂ ಒಟ್ಟಿಗೆ ಉಂಡರು, ಸಮಾಧಾನವಾಯಿತು. ಹಂದಿಗೆ ಮಾತ್ರ ಆಗಲಿಲ್ಲ.

"ಊರೋರೆಲ್ಲಾ ನನ್ನ ಹತ್ರ ಬಂದು ಮಾತಾಡ್ತೀರಿ" ಎಂದರು ಅಯ್ಯನವರು. "ನಾನ್ ಯಾರ್ ಹತ್ರ ಮಾತಾಡ್ಲಿ?"

ಇಷ್ಟು ವರ್ಷ ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಪಾದ್ರಿಗಳ ಮಾತು ಪಾದ್ರಿಗಳ ಹತ್ತಿರವೇ ಆಗಬೇಕು. ನಮ್ಮ ಹಿನ್ನೀರಿನ ಆಚೆ ದಂಡೆಯ ಲೀಬಿಲಾದಲ್ಲಿ ರುಫಿನೊ ಬೆಂಡ್ಲಿಸ್ ಎಂಬ ಪಾದ್ರಿ ಇದ್ದರು. ನಮ್ಮವರಿಗಿಂತ ಹತ್ತು ವರ್ಷ ದೊಡ್ಡವರು, ಇವರಿಗೆ ಅಣ್ಣನಂತೆ. ಮುಂಚೆಲ್ಲ ಪ್ರತಿ ಮಾತಿನ ವಾರಕ್ಕೂ ಇವರು ಅಲ್ಲಿಗೆ ಹೋಗುವುದು, ಇಲ್ಲವೇ ಅವರು ಇಲ್ಲಿಗೆ ಬರುವುದು ತಪ್ಪುತ್ತಿರಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತರೆಂದರೆ ನಗು ಬೀದಿಗೆ ಕೇಳುತ್ತಿತ್ತು. ಎರ್ನಾ ಸತ್ತ ವರ್ಷ ಅದು ನಿಂತಿತು. ಯಾಕೆ ನಿಂತಿತೆಂದು ಎರಡೂ ದಂಡೆಗೆ ಗೊತ್ತು. ಆ ವರ್ಷ ನಮ್ಮ ಅಯ್ಯನವರು ರುಫಿನೊ ಹತ್ತಿರ ಹೇಳಿಕೊಂಡಿದ್ದರಂತೆ: ಪ್ರಾರ್ಥನೆಗೆ ಬಾಯಿ ತೆರೆದರೆ ಒಳಗೆ ಏನೂ ಇಲ್ಲ, ಜನರ ಮುಂದೆ ಸುಮ್ಮನೆ ತುಟಿ ಆಡಿಸುತ್ತಿದ್ದೇನೆ, ಒಂದೊಂದು ಸಲ ಹಿನ್ನೀರಿನ ಕಡೆಗೆ ನಡೆದುಬಿಡೋಣ ಎನ್ನಿಸುತ್ತದೆ ಎಂದು. ರುಫಿನೊ ಹೆದರಿಬಿಟ್ಟರು. ಪೇಟೆಯಲ್ಲಿ ಪಾದ್ರಿಗಳೆಲ್ಲ ಸೇರುವ ಸಭೆಯಲ್ಲಿ ಎದ್ದು ನಿಂತು, ನಮ್ಮ ತಮ್ಮನನ್ನು ಉಳಿಸಿಕೊಳ್ಳಿ ಎಂದು ಎಲ್ಲವನ್ನೂ ಹೇಳಿಬಿಟ್ಟರು. ದೊಡ್ಡವರೆಲ್ಲ ಇವರನ್ನು ನಡುವೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟು, ಗಟ್ಟಿಯಾಗಿ ಪ್ರಾರ್ಥಿಸಿದರಂತೆ. ಇವರು ದೋಣಿ ಇಳಿದು ಊರಿಗೆ ಕಾಲಿಡುವ ಮೊದಲೇ, ಪ್ರಾರ್ಥನೆ ಬಾರದ ಪಾದ್ರಿ ಎಂಬ ಹೆಸರು ಬಂದು ಕೂತಿತ್ತು.

"ಅವ್ರು ಒಳ್ಳೇದಕ್ಕೇ ಮಾಡಿದ್ರಲ್ವಾ ಅಯ್ಯನೋರೇ?"

"ಒಳ್ಳೇದಕ್ಕೇ ಮಾಡ್ದ. ಅದಕ್ಕೇ ಕ್ಷಮಿಸೋಕಾಗ್ತಿಲ್ಲ. ಕೆಟ್ಟದ್ದಕ್ಕೆ ಮಾಡಿದ್ರೆ ಯಾವತ್ತೋ ಕ್ಷಮಿಸಿರ್ತಿದ್ದೆ." ಅವರು ಲೋಟವನ್ನು ನನ್ನ ಕಡೆ ಸರಿಸಿದರು. "ಸಿಟ್ಟು ಇಟ್ಕೊಂಡು ಇದನ್ನ ಎತ್ತೋಕೆ ಕೈ ಬರಲ್ಲ. ನಿಮ್ಗೆಲ್ಲಾ ಬೇಡ ಅಂದಿದೀನಿ, ನಾನೇ ಹೇಗ್ ಕುಡೀಲಿ?"

ನಾನು ಬಾಗಿಲ ತನಕ ಹೋದಾಗ ಅವರು ಒಣ ನಗೆ ನಕ್ಕರು. "ನೋಡು, ಎಲ್ಲಾ ಬಿಟ್ಟು ನಿನ್ನ ಹತ್ರ ಹೇಳಿದೀನಿ. ನಾಳೆ ಬೆಳಿಗ್ಗೆ ಹೊತ್ಗೆ ಆಚೆ ದಂಡೆಗೂ ಗೊತ್ತಾಗಿರತ್ತೆ."

ಆ ಮಾತು ನನಗೆ ಚುಚ್ಚಿತು. ನಿಜವಾದ ಮಾತೇ ಚುಚ್ಚುವುದಲ್ಲವೇ? ಆವತ್ತಿನಿಂದ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಪ್ರತಿ ಭೋಜನ ಮುಗಿದಾಗಲೂ ಮುಕ್ಕು ಲೋಟವನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡು ಹೋಗಿ ಪುಂಡಿಗಿಡದ ಬುಡಕ್ಕೆ ಸುರಿಯುತ್ತಿದ್ದೆ. ಬಾವಿಕಟ್ಟೆಯಲ್ಲಿ ಹೆಂಗಸರು, "ಏನೇ ಮೆಲ್ವಿನಾ, ನಾಲಿಗೆ ಮಾರ್ಕೊಂಡ್ಯಾ?" ಎಂದು ರೇಗಿಸಿದರು. ಒಂದು ಮಾತನ್ನು ಮುಚ್ಚಿಡಲು ಹೋಗಿ ಉಳಿದ ಮಾತುಗಳೂ ಕಡಿಮೆಯಾಗಿದ್ದವು. ಮನೆಗೆ ಬಂದರೆ ಗೋಡೆ, ಹೊರಗೆ ಹೋದರೆ ಗುಟ್ಟು. ಅಯ್ಯನವರು ಇದನ್ನು ಇಷ್ಟು ವರ್ಷ ಹೇಗೆ ತಡೆದುಕೊಂಡರೋ ಎಂದು ಆಗ ನನಗೆ ಅಳುವೇ ಬರುತ್ತಿತ್ತು. ಊರಿನ ಅಷ್ಟೂ ಮನೆಯ ಜಗಳ, ಪಾಪ, ಕಣ್ಣೀರು ಆ ಒಬ್ಬ ಮನುಷ್ಯನ ಹೊಟ್ಟೆಯಲ್ಲಿತ್ತು. ಅವರದ್ದನ್ನು ಇಡಲು ಇನ್ನೊಂದು ಹೊಟ್ಟೆಯಿರಲಿಲ್ಲ.

ಅವರು ಸೊರಗುತ್ತಾ ಬಂದರು. ಪ್ರಸಂಗ ಚಿಕ್ಕದಾಯಿತು. ಹುಡುಗರು ಖುಷಿಪಟ್ಟರು, ನನಗೆ ಭಯವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅಂದೇಬಿಟ್ಟರು:

"ಕ್ರಿಸ್‌ಮಸ್ ಆದ್ಮೇಲೆ ಬಿಟ್ಟುಬಿಡ್ತೀನಿ ಅಕ್ಕಾ. ಎಲ್ಲಾದ್ರೂ ಬಲೆ ಹೆಣ್ಕೊಂಡು ಇರ್ತೀನಿ. ಖಾಲಿ ಪಾತ್ರೆಯಿಂದ ಎಷ್ಟ್ ದಿನ ಬಡಿಸ್ಲಿ?"

"ಬಲೆ ಹೆಣೆಯೋಕೆ ಬರತ್ತಾ ನಿಮ್ಗೆ?"

"ಇಲ್ಲ."

"ಹಾಗಾದ್ರೆ ಸುಮ್ನಿರಿ" ಎಂದೆ. ಇವರು ಹೋದರೆ ಈ ಮೂಲೆಗೆ ಇನ್ನೊಬ್ಬ ಪಾದ್ರಿ ಬರುವುದು ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಈ ಕೆಲಸ ಬಿಟ್ಟರೆ ಈ ಮನುಷ್ಯ ಉಳಿಯುವುದೇ ಸುಳ್ಳು. ಹಿನ್ನೀರಿನ ಕಡೆಗೆ ನಡೆಯುವ ಆ ಮಾತನ್ನು ನಾನು ಮರೆತಿರಲಿಲ್ಲ.

ಆ ದಿನಗಳಲ್ಲೇ ಮೀನಿನ ದೋಣಿಯವರು ಸುದ್ದಿ ತಂದರು. ರುಫಿನೊ ಪಾದ್ರಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತು ಪೂರ್ತಿ ನಿಂತಿದೆ ಎಂದರು. ನಾನು ಓಡಿದೆ. ಅಯ್ಯನವರು ಜಗಲಿಯ ಕಟ್ಟೆ ಹಿಡಿದು ಕುಳಿತುಬಿಟ್ಟರು.

"ಹೋಗಿ ಅಯ್ಯನೋರೇ. ನೋಡ್ಕೊಂಡಾದ್ರೂ ಬನ್ನಿ."

"ಹೋಗಿ ಏನ್ ಮಾಡ್ಲಿ? ಇಷ್ಟ್ ವರ್ಷ ಹೋಗ್ದೋನು ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ? ಏನ್ ಹೇಳ್ಲಿ ಅವನ್ಗೆ?"

ನನಗೆ ತಾಳ್ಮೆ ತಪ್ಪಿತು. ವರ್ಷದಿಂದ ಕಟ್ಟಿಟ್ಟಿದ್ದ ಬಾಯಿ ಎಲ್ಲಾ ಬಿಟ್ಟು ಆ ಗಳಿಗೆಯಲ್ಲೇ ಕಟ್ಟು ಹರಿದುಕೊಂಡಿತು.

"ಏನ್ ಬೇಕಾದ್ರೂ ಹೇಳಿ! ಈಗೇನ್ ಭಯ ನಿಮ್ಗೆ? ಇನ್ನು ಅವ್ರ ಕೈಲಿ ಯಾರ್ಗೂ ಹೇಳೋಕಾಗಲ್ವಲ್ಲಾ!"

ಅಯ್ಯೋ ದೇವರೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಯ್ಯನವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದರು. ಭುಜ ಅಲುಗಿತು. ಬೈಯುತ್ತಾರೆ ಎಂದುಕೊಂಡರೆ ನಗುತ್ತಿದ್ದರು! ಎರ್ನಾ ಹೋದ ಮೇಲೆ ನಾನು ಕೇಳಿರದ ನಗು ಅದು. ನಗುತ್ತಾ ನಗುತ್ತಾ ಕಣ್ಣಿಂದ ನೀರು ಇಳಿಯಿತು, ಆಮೇಲೆ ನಗು ನಿಂತು ನೀರು ಮಾತ್ರ ಉಳಿಯಿತು.

"ರುಫಿನಣ್ಣ ಇದನ್ನ ಕೇಳಿದ್ರೆ ಬಿದ್ದು ಬಿದ್ದು ನಗ್ತಿದ್ದ" ಎಂದರು. ಮುಖ ಒರೆಸಿಕೊಂಡರು. "ನಿನ್ನ ದೋಣಿ ಸೋರತ್ತಾ?"

"ಸೋರತ್ತೆ. ನೀರು ಎತ್ತಿ ಹಾಕೋಕೆ ನೀವಿದೀರಲ್ಲ."

ಮರುದಿನ ಬೆಳಿಗ್ಗೆ ಹೊರಟೆವು. ಮಾತಿನ ವಾರವೇ ಅದು. ಇಬ್ಬರಿಗೂ ಅದು ಗೊತ್ತಿತ್ತು. ಹಾಯಿ ನನ್ನ ಕೈಯಲ್ಲಿ, ನೀರೆತ್ತುವ ಸೋರೆಬುರುಡೆ ಅವರ ಕೈಯಲ್ಲಿ. ತೆಂಗಿನಹಾಲಿನ ರೊಟ್ಟಿ ನಾಲ್ಕು ಕಟ್ಟಿಕೊಂಡಿದ್ದೆ. ದಾರಿಯುದ್ದಕ್ಕೂ ಅವರು ನೀರು ಎತ್ತಿ ಹೊರಗೆ ಹಾಕುತ್ತಾ ತುಟಿ ಆಡಿಸುತ್ತಿದ್ದರು. ಹೇಳಬೇಕಾದದ್ದನ್ನು ಜೋಡಿಸುತ್ತಿದ್ದರೋ, ಪ್ರಾರ್ಥನೆಯೋ ಗೊತ್ತಾಗಲಿಲ್ಲ. ಹಿನ್ನೀರಿನ ನಡುವೆ ಬಂದಾಗ ಎರಡು ದಂಡೆಯೂ ಸಣ್ಣಗೆ ಕಂಡವು. ಇಷ್ಟೇ ನೀರು. ಇದನ್ನು ದಾಟಲು ಒಬ್ಬ ಮನುಷ್ಯನ ನಾಲಿಗೆ ಬಿದ್ದುಹೋಗಬೇಕಾಯಿತಲ್ಲ ಎಂದು ನನಗೆ ಇಬ್ಬರ ಮೇಲೂ ಕೋಪ ಬಂತು.

ಲೀಬಿಲಾದಲ್ಲಿ ರುಫಿನೊ ಅವರ ಹೆಂಡತಿ ಒಟಿಲಿಯಾ ಮೆಟ್ಟಿಲ ಮೇಲೆ ಕುಳಿತು ಮರಗೆಣಸು ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

"ದಾರಿ ನೆನಪಾಯ್ತಾ ಮೈದುನ್ರೇ? ನೀರೇನಾದ್ರೂ ಬತ್ತಿಹೋಯ್ತಾ ನಡುವೆ?"

ಅಯ್ಯನವರು ಟೋಪಿ ತೆಗೆದು ತಲೆ ತಗ್ಗಿಸಿದರು. ಒಟಿಲಿಯಾ ಚಾಕುವಿನಿಂದ ಬಾಗಿಲ ಕಡೆ ತೋರಿಸಿದಳು. "ಒಳಗಿದಾರೆ. ನಿಮ್ಮ ದನಿ ಕೇಳಿರತ್ತೆ, ಹೋಗಿ."

ನಾನೂ ಒಂದು ಚಾಕು ಇಸಿದುಕೊಂಡು ಅವಳ ಪಕ್ಕ ಕುಳಿತೆ. ಅವಳು ಸಿಪ್ಪೆಯ ಮೇಲಿಂದ ಕಣ್ಣೆತ್ತದೆ ಹೇಳಿದಳು: "ಮಾತಿನ ವಾರ ಬಂತು ಅಂದ್ರೆ ಸಾಕು, ಕಾಫಿ ಎರಡು ಲೋಟ ಮಾಡು ಅಂತಿದ್ರು ನಮ್ಮೋರು. ಜಗಲಿಯಲ್ಲಿ ಕೂತು ನಿಮ್ಮ ದಂಡೆ ಕಡೆ ನೋಡೋರು. ಆರಿಹೋದ ಆ ಎರಡನೇ ಲೋಟ ಪ್ರತಿ ಸಲ ನಾನೇ ಕುಡೀತಿದ್ದೆ. ಬಿಸಾಕೋಕೆ ಮನಸ್ಸು ಬರ್ತಿರ್ಲಿಲ್ಲ."

"ನಿಮ್ಮೋರೇ ಹೊರಟು ಬರ್ಬಹುದಿತ್ತಲ್ಲಾ?"

"ತಪ್ಪು ಮಾಡಿದೋನು ನಾನು, ಕರೆಯೋ ತನಕ ಹೋಗಬಾರ್ದು ಅಂತಿದ್ರು. ನಿಮ್ಮ ಅಯ್ಯನೋರು ಕರೀಲಿಲ್ಲ, ನಮ್ಮೋರು ಹೋಗ್ಲಿಲ್ಲ. ಊರೋರಿಗೆಲ್ಲಾ ಬುದ್ಧಿ ಹೇಳೋ ಗಂಡಸರು ನೋಡು."

ಒಳಗೆ ನಮ್ಮ ಅಯ್ಯನವರ ದನಿ ಮೊದಲು ಮೆಲ್ಲಗಿತ್ತು. ಬರಬರುತ್ತಾ ಏರಿತು. "ನಂಬಿ ಹೇಳಿದ್ದೆ ಕಣೋ! ನಿನ್ನೊಬ್ಬನ್ನ ನಂಬಿ ಹೇಳಿದ್ದೆ!" ಎಂದು ಕೂಗಿದರು. ಒಟಿಲಿಯಾ ಚಾಕು ಬಿಸುಟು ಎದ್ದಳು. ನಾನು ಅವಳ ಲಂಗ ಹಿಡಿದು ಎಳೆದೆ.

"ಕೂತ್ಕೋ. ಬೈಯ್ಲಿ ಬಿಡು. ವರ್ಷಗಟ್ಲೆ ಕೊಳೆತಿದೆ ಒಳಗೆ."

"ಕಾಯಿಲೆ ಮನುಷ್ಯ ಕಣೇ ಅವರು!"

"ಇವರೂ ಕಾಯಿಲೆ ಮನುಷ್ಯನೇ."

ಅವಳು ಕುಳಿತಳು. ಕೂಗು ಇಳಿಯಿತು. ಬಿಕ್ಕುವ ಸದ್ದು ಕೇಳಿಸಿತು. ಒಬ್ಬರದೋ ಇಬ್ಬರದೋ ತಿಳಿಯಲಿಲ್ಲ. ಗೆಣಸೆಲ್ಲ ಸುಲಿದು ಮುಗಿಯಿತು. ಆಮೇಲೆ ನಮ್ಮ ಅಯ್ಯನವರು ಬಾಗಿಲಿಗೆ ಬಂದು ನಿಂತರು. ಮುಖ ಕೆಂಪಾಗಿ ಊದಿಕೊಂಡಿತ್ತು.

"ಅಕ್ಕಾ, ಒಳಗೆ ಬಾ. ಕೇಳೋರು ಬೇಕು."

"ಏನ್ ಕೇಳೋರು?"

"ಪ್ರಶ್ನೆ. ಅಣ್ಣನಿಗೆ ಕೇಳೋಕಾಗ್ತಿಲ್ಲ. ನನ್ನನ್ನ ನಾನೇ ಕೇಳ್ಕೊಂಡ್ರೆ ಅದು ಲೆಕ್ಕಕ್ಕಿಲ್ಲ."

"ಹುಚ್ಚಾ ನಿಮ್ಗೆ? ಲೋಟ ತೊಳೆಯೋಳು ನಾನು! ಅವರ ಹೆಂಡ್ತಿ ಇದಾಳೆ, ಕೇಳ್ಲಿ."

"ಅವಳು ಅವನ ಕಡೆಯೋಳು. ಬಾ."

ರುಫಿನೊ ಅಯ್ಯನವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಬಾಯಿ ಒಂದು ಕಡೆ ಜೋತುಬಿದ್ದಿತ್ತು, ಕಣ್ಣು ಮಾತ್ರ ಹಳೆಯ ರುಫಿನೊ ಅವರದೇ. ನನ್ನನ್ನು ನೋಡಿ ಗಂಟಲಲ್ಲಿ ಏನೋ ಸದ್ದು ಮಾಡಿ, ತಲೆ ಆಡಿಸಿದರು. ಕೇಳು ಎಂದು. ಗೆಣಸಿನ ಮಣ್ಣಾಗಿದ್ದ ಕೈಯನ್ನು ಲಂಗಕ್ಕೆ ಒರೆಸಿಕೊಂಡೆ. ಜನ್ಮವಿಡೀ ನನ್ನನ್ನು ಕೇಳಿದ್ದ ಪ್ರಶ್ನೆ ಅದು, ಆದರೂ ಒಂದೊಂದೇ ಪದ ನೆನಪಿಸಿಕೊಂಡು ಕೇಳಿದೆ.

"ಎಲ್ಡನ್ ಅಯ್ಯನೋರೇ. ದೇವರ ಜೊತೆಗೂ ನಿಮ್ಮ ಅಣ್ಣನ ಜೊತೆಗೂ ಸಮಾಧಾನವಾಗಿದೀರಾ?"

ನಾವೆಲ್ಲ ಕೇಳಿದ ಕೂಡಲೇ ಹೂಂ ಅಂದುಬಿಡುತ್ತೇವೆ. ಅವರು ಯೋಚಿಸಿ ಹೇಳಿದರು: "ಪೂರ್ತಿ ಇಲ್ಲ. ಆದ್ರೆ ಆಗ್ಬೇಕು ಅಂತ ಬಂದಿದೀನಿ."

ನಾನು ಹಾಸಿಗೆಯ ಕಡೆ ತಿರುಗಿದೆ. "ರುಫಿನೊ ಅಯ್ಯನೋರೇ, ನೀವು?"

ಅವರ ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು. ನಮ್ಮಲ್ಲಿ ರಾಜಿಯಾದವರು ಬಲಗೈ ಕೊಡಬೇಕು, ಎಡಗೈ ಕೊಟ್ಟರೆ ಆಗುವುದಿಲ್ಲ. ರುಫಿನೊ ತಮ್ಮ ಎಡಗೈಯಿಂದ, ಸತ್ತು ಬಿದ್ದಿದ್ದ ಬಲಗೈಯ ಮಣಿಕಟ್ಟನ್ನು ಹಿಡಿದು ಎತ್ತಿದರು. ಅದು ಜಾರಿ ಬಿತ್ತು. ಸಹಾಯಕ್ಕೆ ಹೋದ ಒಟಿಲಿಯಾಳನ್ನು ಕಣ್ಣಿನಲ್ಲೇ ತಡೆದು, ಮತ್ತೆ ಎತ್ತಿದರು. ಎತ್ತಿ ತಂದು ನಮ್ಮ ಅಯ್ಯನವರ ಅಂಗೈಯೊಳಗೆ ಇಟ್ಟರು.

ಎಲ್ಡನ್ ಅಯ್ಯನವರು ಆ ಕೈಯ ಮೇಲೆ ಹಣೆಯಿಟ್ಟರು. ಆಮೇಲೆ ಒಟಿಲಿಯಾ ಕಾಫಿ ತಂದಳು. ಎರಡನೇ ಲೋಟ ಬಿಸಿಯಾಗಿಯೇ ಖಾಲಿಯಾಯಿತು.

ಆ ಭಾನುವಾರ ನಮ್ಮ ಅಯ್ಯನವರು ಮೇಜಿನ ಹಿಂದೆ ನಿಂತು ಎಲ್ಲವನ್ನೂ ಹೇಳಿದರು. ನಾನು ಕುಡಿಯದೆ ನಿಮಗೆ ಕುಡಿಸುತ್ತಿದ್ದೆ ಎಂದರು, ಕ್ರಿಸ್‌ಮಸ್ ಆದ ಮೇಲೂ ಇಲ್ಲೇ ಇರುತ್ತೇನೆ ಎಂದರು. ನಾನು ಲೋಟ ಎತ್ತಲು ಹೋದಾಗ ಮುಕ್ಕು ಲೋಟದ ತಳದಲ್ಲಿ ಒಂದು ಹನಿ ಮಾತ್ರ ಇತ್ತು. ಬಾವಿಕಟ್ಟೆಯಲ್ಲಿ ಅದನ್ನು ತೊಳೆಯುತ್ತಾ ಅತ್ತೆ, ಸುಳ್ಳೇಕೆ ಹೇಳಲಿ. ಡೊನ್ಸಿಯಾ ಬಂದು, "ನಿಂಗೆ ಮುಂಚೇನೇ ಗೊತ್ತಿತ್ತೇನೇ? ಗೊತ್ತಿದ್ದೂ ನಮ್ಗೆ ಹೇಳ್ಲಿಲ್ವಾ?" ಎಂದು ಜಗಳಕ್ಕೇ ನಿಂತಳು.

ಕ್ರಿಸ್‌ಮಸ್ ಆಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ನೀರಿನ ಮೇಲಿಂದ ಲೀಬಿಲಾದ ಗಂಟೆ ನಿಧಾನವಾಗಿ ಕೇಳಿಸಿತು. ಆ ನಿಧಾನ ಯಾಕೆಂದು ಎಲ್ಲರಿಗೂ ತಿಳಿಯುತ್ತದೆ. ರುಫಿನೊ ಅವರ ಮಣ್ಣು ಮುಗಿಸಿಕೊಂಡು ಬಂದ ನಮ್ಮ ಅಯ್ಯನವರು ನೇರವಾಗಿ ಮನೆಯ ಮೆಟ್ಟಿಲು ಹತ್ತಿದರು. ಲೀಬಿಲಾಗೆ ಹೊಸ ಪಾದ್ರಿಯನ್ನು ಕಳಿಸುವ ಮಾತು ಪೇಟೆಯಿಂದ ಬರಲಿಲ್ಲ. ಆ ಇಡೀ ಹಿನ್ನೀರಿಗೆ ಈಗ ಅವರೊಬ್ಬರೇ. ನಾನು ಪುಂಡಿಹೂವು ಬಿಡಿಸುವಾಗೆಲ್ಲ ಒಂದೇ ಯೋಚನೆ: ಮತ್ತೆ ಲೋಟ ತುಂಬಿಕೊಂಡು ಬರುತ್ತದೆಯೇ?

ಮಾತಿನ ವಾರ ಬಂತು. ಎಲ್ಲರೂ ಹೋಗಿ ಬಂದ ಮೇಲೆ ಕೊನೆಗೆ ನಾನು ಹೋದೆ. ನನ್ನದನ್ನು ಹೇಳಿಕೊಂಡೆ. ಅಯ್ಯನವರು ಪ್ರಶ್ನೆ ಕೇಳಿದರು, ಈ ಸಲ ನಾನೂ ಯೋಚಿಸಿ ಉತ್ತರ ಕೊಟ್ಟೆ. ಎದ್ದು ಹೊರಟೆ.

"ಕೂತ್ಕೋ ಅಕ್ಕಾ" ಎಂದರು. "ಈಗ ನೀನು ಕೇಳು."

ತಿರುಗಿ ನೋಡಿದೆ. ಎದುರಿನ ಕುರ್ಚಿಯ ಮೇಲೆ ಹಾಡಿನ ಪುಸ್ತಕಗಳಿರಲಿಲ್ಲ. ಅಷ್ಟು ಹೊತ್ತು ಅದೇ ಕುರ್ಚಿಯಲ್ಲಿ ಕೂತಿದ್ದರೂ ಅದನ್ನು ನಾನು ಗಮನಿಸಿರಲಿಲ್ಲ.

"ನನ್ನ ಬಾಯಿ ಎಂಥದ್ದು ಅಂತ ಗೊತ್ತಲ್ಲಾ ಅಯ್ಯನೋರೇ?"

"ಊರಿಗೇ ಗೊತ್ತು."

"ಗೊತ್ತಿದ್ದೂ?"

"ಆ ವರ್ಷಪೂರ್ತಿ ಅದು ಮುಚ್ಚಿತ್ತು ಅನ್ನೋದೂ ನಂಗೆ ಗೊತ್ತು. ಕೂತ್ಕೋ."

ಕುಳಿತೆ. ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಕೊನೆಗೆ ಪ್ರಶ್ನೆಯನ್ನು ಕೇಳಿದೆ, ಅವರು ಉತ್ತರ ಕೊಟ್ಟರು. ಭಾನುವಾರ ಮುಕ್ಕು ಲೋಟ ಖಾಲಿಯಾಗಿ ಬಂತು.

ಪಾದ್ರಿಮನೆಯಲ್ಲಿ ಅಷ್ಟು ಹೊತ್ತು ಏನು ಮಾತು ಎಂದು ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ನನ್ನನ್ನು ಮುತ್ತಿಕೊಂಡರು. ಡೊನ್ಸಿಯಾ ನನ್ನ ಕೊಡವನ್ನೇ ಕಿತ್ತಿಟ್ಟುಕೊಂಡು, ಹೇಳದಿದ್ದರೆ ನೀರು ಸೇದಲು ಬಿಡುವುದಿಲ್ಲ ಎಂದು ಹಟ ಹಿಡಿದಳು.

"ಮುಂದಿನ ಸಲ ರಸಕ್ಕೆ ಶುಂಠಿ ಸ್ವಲ್ಪ ಜಾಸ್ತಿ ಹಾಕ್ಬೇಕಂತೆ" ಎಂದೆ.